ನಾಮಫಲಕಕ್ಕೆ ಮುಖ್ಯವಾಗಿ ಬೇಕಾದದ್ದು ಗಡಿಯಾರ

ಅಂಗಡಿ, ಹೋಟೆಲುಗಳ ನೆತ್ತಿಯ ಮೇಲೆ ಬೆಳಗುವ ಬೋರ್ಡು ಎಷ್ಟು ವಿದ್ಯುತ್ ಬಳಸಬಹುದು ಎಂಬುದಕ್ಕೂ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಾನೂನಿದೆ. 'ಟೈಟಲ್ 24' ಎಂದು ಹೆಸರಾದ ಅಲ್ಲಿನ ಕಟ್ಟಡ ಇಂಧನ ಸಂಹಿತೆ 2005ರ ಆವೃತ್ತಿಯಲ್ಲಿ ನಾಮಫಲಕಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಒಳಗಿನಿಂದ ಬೆಳಗುವ ಪೆಟ್ಟಿಗೆಯಂಥ ಬೋರ್ಡಿಗೆ ಚದರ ಅಡಿಗೆ 12 ವ್ಯಾಟ್, ಹೊರಗಿನಿಂದ ಬೆಳಕು ಬೀಳುವ ಬೋರ್ಡಿಗೆ 2.3 ವ್ಯಾಟ್ ಮಿತಿ. ಈ ಲೆಕ್ಕ ಬೇಡವೆಂದರೆ ಇನ್ನೊಂದು ದಾರಿಯಿದೆ: ಸಂಹಿತೆ ಒಪ್ಪಿದ ದೀಪಗಳನ್ನಷ್ಟೇ ಬಳಸುವುದು. ಎಲ್‌ಇಡಿಯಾದರೆ ಅದರ ಪವರ್ ಸಪ್ಲೈ ಕನಿಷ್ಠ ಶೇ. 80ರಷ್ಟು ದಕ್ಷವಾಗಿದ್ದರೆ ಸಾಕು. ಬೋರ್ಡು ಮಾಡುವವರ ಗಮನವೆಲ್ಲ ಈ ವ್ಯಾಟ್‌ಗಳ ಮೇಲೆಯೇ ಇರುತ್ತದೆ. ಆದರೆ ಈ ಕಾನೂನಿನ ನಿಜವಾದ ಶಕ್ತಿ ಇರುವುದು ದೀಪ ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಹೇಳುವ ಭಾಗದಲ್ಲಿ.

ಮೂರು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದದ ಒಂದು ಪೆಟ್ಟಿಗೆ ಬೋರ್ಡನ್ನು ಊಹಿಸಿಕೊಳ್ಳೋಣ. 60 ಚದರ ಅಡಿಗೆ ಸಿಗುವ ಮಿತಿ 720 ವ್ಯಾಟ್. ಟ್ಯೂಬ್‌ಲೈಟಿನ ಕಾಲಕ್ಕೆ ಇದು ಬಿಗಿಯಾದ ಲೆಕ್ಕ. ಇಂದು ಅದೇ ಬೋರ್ಡನ್ನು 150 ವ್ಯಾಟ್ ಎಲ್‌ಇಡಿ ಬೆಳಗಿಸುತ್ತದೆ ಎಂದುಕೊಂಡರೆ, ಮಿತಿಯು ಯಾರನ್ನೂ ತಡೆಯುವುದಿಲ್ಲ. ಮೇಲಾಗಿ ಮಿತಿ ಇರುವುದು ಚದರ ಅಡಿಯ ಲೆಕ್ಕದಲ್ಲಿ. ಬೋರ್ಡು ದೊಡ್ಡದಾದಷ್ಟೂ ಅನುಮತಿಯೂ ಹಿಗ್ಗುತ್ತದೆ. ವ್ಯಾಟ್ ಮಿತಿಯ ಈ ದೌರ್ಬಲ್ಯವನ್ನು ಒಪ್ಪಿಕೊಳ್ಳಲೇಬೇಕು. ಕಾಲದ ಲೆಕ್ಕಕ್ಕೆ ಮಾತ್ರ ದೀಪ ಯಾವುದಾದರೂ ಒಂದೇ. ಅದೇ 150 ವ್ಯಾಟ್ ಬೋರ್ಡು ದಿನವಿಡೀ ಉರಿದರೆ 3.6 ಯೂನಿಟ್ ಖರ್ಚು. ಸಂಜೆಯಿಂದ ಆರು ಗಂಟೆ ಮಾತ್ರ ಉರಿದರೆ 0.9 ಯೂನಿಟ್. ದೀಪ ಬದಲಿಸದೆಯೇ ನಾಲ್ಕರಲ್ಲಿ ಮೂರು ಪಾಲು ಉಳಿತಾಯ.

ಹೊರಾಂಗಣದ ಬೋರ್ಡಿಗೆ ಸಂಹಿತೆ ಎರಡು ಬಗೆಯ ನಿಯಂತ್ರಣವನ್ನು ಒಪ್ಪುತ್ತದೆ. ಒಂದು, ಬೆಳಕು ಗ್ರಹಿಸುವ ಸೆನ್ಸರ್ ಜೊತೆಗೆ ಟೈಮರ್. ಎರಡು, ಖಗೋಳ ಟೈಮರ್. ಇದು ಊರಿನ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕವನ್ನು ತಿಳಿದುಕೊಂಡು ಸೂರ್ಯ ಹುಟ್ಟುವ, ಮುಳುಗುವ ವೇಳೆಯನ್ನು ತಾನೇ ಲೆಕ್ಕ ಹಾಕುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಡಿಸೆಂಬರಿನ ಹಗಲು ಹತ್ತು ಗಂಟೆಗೂ ತುಸು ಕಡಿಮೆ, ಜೂನಿನಲ್ಲಿ ಹದಿನಾಲ್ಕು ಗಂಟೆಗೂ ಹೆಚ್ಚು. ಒಂದೇ ವೇಳೆಗೆ ಕಟ್ಟುಬಿದ್ದ ಸಾಮಾನ್ಯ ಟೈಮರ್ ವರ್ಷದ ಬಹುಪಾಲು ದಿನ ತಪ್ಪು ಹೊತ್ತಿಗೆ ದೀಪ ಹಚ್ಚುತ್ತದೆ. ಸೆನ್ಸರ್ ಮೇಲೆ ಧೂಳು ಕೂತರೆ ಅದು ಹಗಲನ್ನೂ ಕತ್ತಲೆಂದು ತಿಳಿದೀತು. ಖಗೋಳ ಟೈಮರಿಗೆ ಆ ತೊಂದರೆಯಿಲ್ಲ.

ಹಗಲೂ ರಾತ್ರಿಯೂ ಉರಿಯುವ ಹೊರಾಂಗಣ ಬೋರ್ಡು ರಾತ್ರಿ ಕನಿಷ್ಠ ಶೇ. 65ರಷ್ಟು ವಿದ್ಯುತ್ತನ್ನು ತಾನಾಗಿ ತಗ್ಗಿಸಿಕೊಳ್ಳುವಂತಿರಬೇಕು. ವ್ಯಾಪಾರಿಗಳ ಆಕ್ಷೇಪ ಏಳುವುದು ಇಲ್ಲಿಯೇ: ಮಂಕಾದ ಬೋರ್ಡನ್ನು ಯಾರು ನೋಡುತ್ತಾರೆ? ಇದಕ್ಕೆ ಉತ್ತರ ನಮ್ಮ ಕಣ್ಣಿನಲ್ಲೇ ಇದೆ. ನೇರ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ದೀಪವಿರುವ ರಾತ್ರಿಯ ಬೀದಿಯಲ್ಲಿ ಹತ್ತಾರು ಲಕ್ಸ್ ಮಾತ್ರ. ಕಣ್ಣು ವಸ್ತುವನ್ನು ಗುರುತಿಸುವುದು ಸುತ್ತಲ ಬೆಳಕಿಗೂ ಅದಕ್ಕೂ ಇರುವ ಅಂತರದಿಂದ. ಬಿಸಿಲಿನೊಡನೆ ಪೈಪೋಟಿ ಮಾಡುವ ಪ್ರಖರತೆ ಕತ್ತಲಲ್ಲಿ ಬೇಕಿಲ್ಲ, ಅದು ತೊಂದರೆಯನ್ನೂ ಕೊಡುತ್ತದೆ. ಅತಿಯಾದ ಬೆಳಕು ಕಣ್ಣಿನೊಳಗೇ ಚದುರಿ ಅಕ್ಷರದ ಅಂಚುಗಳು ಹರಡಿಕೊಳ್ಳುತ್ತವೆ. ಮಸೂರ ಮಬ್ಬಾಗತೊಡಗಿದ ಹಿರಿಯರಿಗೆ ಇನ್ನೂ ಹೆಚ್ಚು. ತಗ್ಗಿಸಿದ ಬೋರ್ಡನ್ನೇ ರಾತ್ರಿ ಸಲೀಸಾಗಿ ಓದಬಹುದು. ತುರ್ತು ನಿರ್ಗಮನ, ಸಂಚಾರ ಸೂಚನೆಗಳ ಫಲಕಗಳು ಈ ಮಿತಿಗಳಿಂದ ಹೊರಗಿರುವುದರಿಂದ ಸುರಕ್ಷತೆಗೂ ಧಕ್ಕೆಯಿಲ್ಲ.

ಒಂದು ರಾಜ್ಯದ ವಿದ್ಯುತ್ ಖರ್ಚಿನಲ್ಲಿ ಬೋರ್ಡುಗಳದು ಎಷ್ಟರ ಪಾಲು ಎಂಬುದು ಇನ್ನೊಂದು ಆಕ್ಷೇಪ. ಪಾಲು ಸಣ್ಣದೇ ಇರಬಹುದು, ಆದರೆ ಅದು ಬೀಳುವ ವೇಳೆಯನ್ನು ನೋಡಬೇಕು. ಕ್ಯಾಲಿಫೋರ್ನಿಯದಲ್ಲಿ ಸಂಜೆ ಸೌರ ವಿದ್ಯುತ್ ಕುಸಿಯುವ ಹೊತ್ತಿಗೇ ಮನೆಗಳ ಬೇಡಿಕೆ ಏರುತ್ತದೆ. ಬೋರ್ಡುಗಳು ಹೊತ್ತಿಕೊಳ್ಳುವುದೂ ಆಗಲೇ. ಅದಕ್ಕಾಗಿ 15 ಕಿಲೋವ್ಯಾಟ್ ಮೀರಿದ ಹೊಸ ಎಲೆಕ್ಟ್ರಾನಿಕ್ ಸಂದೇಶ ಫಲಕಗಳು ಬೇಡಿಕೆ ಇಳಿಸಲು ಸಂಕೇತ ಬಂದಾಗ ಕನಿಷ್ಠ ಶೇ. 30ರಷ್ಟು ತಗ್ಗುವಂತಿರಬೇಕೆಂಬ ನಿಯಮವಿದೆ. ಕೊರತೆ ಇರುವುದು ಬೇರೆ ಕಡೆ. ವ್ಯಾಟ್ ಮಿತಿ ಹೊಸ ಬೋರ್ಡುಗಳಿಗೆ ಅನ್ವಯಿಸುತ್ತದೆ. ಹಳೆಯವಕ್ಕೆ ದೊಡ್ಡ ಮಾರ್ಪಾಡು ಮಾಡಿದಾಗ ಅಥವಾ ಜಾಗ ಬದಲಿಸಿದಾಗ ಮಾತ್ರ. ಹಳೆಯ ಬೋರ್ಡಿಗೂ ಸುಲಭವಾಗಿ ಕೂರಿಸಬಹುದಾದ ಭಾಗವೆಂದರೆ ಟೈಮರ್. ಮಾರ್ಪಾಡಿನ ಪರವಾನಗಿ ಕೇಳುವವರೆಗೂ ಕಾಯದೆ ಅದನ್ನು ಮೊದಲು ಕಡ್ಡಾಯಗೊಳಿಸುವುದು ಸರಿಯಾದ ಕ್ರಮ.