ತೂಗುವ ಮೊದಲು ಹುಡುಗಿಯನ್ನು ಕೇಳಿ!

ಭರತನಾಟ್ಯದ ಕ್ಲಾಸಿಗೆ ಯಾರೋ ಸಂಶೋಧಕರು ತೂಕದ ಯಂತ್ರ ಹಿಡಿದು ಬಂದರು ಅನ್ನಿ. ಮಕ್ಕಳ ಊಟ, ಮೈಕಟ್ಟಿನ ಅಧ್ಯಯನ ಅಂತಾರೆ. ಗುರುಗಳು ಹೂಂ ಅಂದರೆ ಸಾಕೇ? ಸಾಲದು ಸ್ವಾಮಿ! ಅಂಗಡಿಯಲ್ಲಿ ಸಕ್ಕರೆ ತೂಗಿದ ಹಾಗಲ್ಲ ಇದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ನೋಡಿ. 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು. 7 ದಾಟಿದ ಮಗುವಿನ ಸಮ್ಮತಿಯೂ ಬೇಕು. 12 ದಾಟಿದರೆ ಬರಹದಲ್ಲೇ. ನಡುವೆ ಬೇಡ ಅನ್ನಿಸಿದರೆ ಹಿಂದೆ ಸರಿಯಬಹುದು. ಆದರೆ ರಂಗಪ್ರವೇಶ ಗುರುಗಳ ಕೈಯಲ್ಲಿರುವಾಗ ಯಾವ ಹುಡುಗಿ ಬೇಡ ಅಂದಾಳು? ಅದಕ್ಕೇ ಕೇಳುವಾಗ ಗುರುಗಳು ಪಕ್ಕದಲ್ಲಿರಬಾರದು.

ತೂಕ ಮರೆಯಲ್ಲಿ ನೋಡಬೇಕು, ಎಲ್ಲರೆದುರು ಕೂಗಬಾರದು. 'ನೀನು ದಪ್ಪ ಅನ್ನಿಸುತ್ತಾ?' ಅಂತ ಒರಟಾಗಿ ಕೇಳಿದರೆ ಮಗು ತಟ್ಟೆ ದೂಡೀತು. ಕುಣಿತಕ್ಕೆ ತಕ್ಕ ಊಟವಿಲ್ಲದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು. ಕ್ರೀಡಾಪಟುಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಎಚ್ಚರಿಸಿದೆ. ಅಂಥ ಲಕ್ಷಣ ಕಂಡರೆ ಫಾರಂ ತುಂಬಿ ಎದ್ದು ಹೋಗುವುದಲ್ಲ. ಹುಡುಗಿಗೂ ಮನೆಯವರಿಗೂ ತಿಳಿಹೇಳಿ ಡಾಕ್ಟರ ಬಳಿ ಕಳಿಸಬೇಕು.

ಅಪ್ಪ-ಅಮ್ಮಂದಿರೇ, ಸಹಿ ಹಾಕುವ ಮುಂಚೆ ಇಷ್ಟನ್ನೂ ಕೇಳಿ. ಅಂಕಿ-ಅಂಶ ಪುಸ್ತಕ ಸೇರುತ್ತೆ. ಮಗಳು ನಾಳೆಯೂ ಗೆಜ್ಜೆ ಕಟ್ಟಬೇಕಲ್ಲ!