ತೆಳುವಾದ ಚರವಾಣಿಯೂ ಅದರ ಬಾಳಿಕೆಯೂ

ವಸ್ತುವೊಂದನ್ನು ಕೊಳ್ಳುವ ಮುನ್ನ ಅದು ಎಷ್ಟು ಕಾಲ ಬಾಳಿಕೆ ಬಂದೀತೆಂದು ವಿಚಾರಿಸುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಮಣ್ಣಿನ ಕೊಡವನ್ನು ಬೆರಳಿನಿಂದ ಬಡಿದು ಅದರ ನಾದವನ್ನು ಕೇಳುತ್ತಿದ್ದರು. ಕಂಬಳಿಯ ಎಳೆಯನ್ನು ಜಗ್ಗಿ ನೋಡುತ್ತಿದ್ದರು. ಕೊಡಲಿಯ ಕಾವನ್ನು ಮೊಣಕಾಲಿಗೆ ಒತ್ತಿ ಪರೀಕ್ಷಿಸುತ್ತಿದ್ದರು. ಇಂದು ಬಡವರ ಮನೆಯಲ್ಲಿಯೂ ಇರುವ, ಅಲ್ಲಿಯ ಉಳಿದ ಸಾಮಾನುಗಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಒಂದು ವಸ್ತುವನ್ನು ಮಾತ್ರ ನಾವು ಬಡಿಯದೆ, ಜಗ್ಗದೆ, ಕೇವಲ ಅದರ ಅಗಲಕ್ಕೂ ತೆಳುವಿಗೂ ಮರುಳಾಗಿ ಕೊಂಡುಬಿಡುತ್ತೇವೆ. ಅದು ಸ್ಮಾರ್ಟ್‌ಫೋನು. ಅದಕ್ಕೆ ವಿದ್ವಾಂಸರು ‘ಚರವಾಣಿ’ ಎಂದೂ ‘ಸಂಚಾರಿ ದೂರವಾಣಿ’ ಎಂದೂ ಹೆಸರಿಟ್ಟರು. ಜನರು ‘ಮೊಬೈಲು’ ಎಂದು ಕರೆದು ಚರ್ಚೆಯನ್ನು ಮುಗಿಸಿದರು. ಶೀರ್ಷಿಕೆಯನ್ನು ವಿದ್ವಾಂಸರಿಗೆ ಬಿಟ್ಟು, ಇನ್ನು ಮುಂದೆ ನಾನೂ ಜನರ ಮಾತನ್ನೇ ಹಿಡಿಯುತ್ತೇನೆ.

ಕನ್ನಡ ಪಂಡಿತನಿಗೆ ಈ ವಿಷಯವೇಕೆ ಎಂದು ಕೇಳುವವರಿದ್ದಾರು. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲು ಇದ್ದ ಮನೆಯ ಮಗುವಿಗೆ ಪಾಠ ಮನೆಗೇ ಬಂದಿತು; ಇಲ್ಲದ ಮನೆಯ ಮಗು ಗುಡಿಯ ಕಟ್ಟೆಯಲ್ಲೋ ಮರದ ನೆರಳಿನಲ್ಲೋ ನಡೆಯುವ ವಿದ್ಯಾಗಮದ ಪಾಠಕ್ಕಾಗಿ ಕಾಯಬೇಕಾಯಿತು. ಅದೇ ವರ್ಷ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ದಾಖಲಿಸುವ ಬೆಳೆ ಸಮೀಕ್ಷೆಯೂ ಮೊಬೈಲಿಗೆ ಬಂದಿತು. ತೊಗರಿ ಮಾರಿದ ಹಣ ಬಂದ ಸಂದೇಶ, ವೃದ್ಧರ ಪಿಂಚಣಿಯ ಸುದ್ದಿ, ಆಧಾರಿನ ಗುಪ್ತಸಂಖ್ಯೆ, ಎಲ್ಲವೂ ಈಗ ಅದರೊಳಗೇ. ಅಂಥದು ಕೆಟ್ಟರೆ ಔರಾದಿನ ಅಥವಾ ಭಾಲ್ಕಿಯ ಕೂಲಿಕಾರನ ಮನೆಗೆ ಎರಡನೆಯದು ಬರಲು ಒಂದು ಸುಗ್ಗಿಯೇ ಕಳೆಯಬೇಕು. ಬಡ ಮಕ್ಕಳಿಗೆ ಇಂಥ ಉಪಕರಣಗಳನ್ನು ಕೊಡಿಸಬೇಕೆಂಬ ಉದಾರ ಮನಸ್ಸು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಇರುವುದರಿಂದ, ಯಾವುದು ತಾಳುತ್ತದೆ, ಯಾವುದು ತಾಳದು, ಅದಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಪ್ರಕೃತ ವಿಷಯಕ್ಕೆ ಜಗತ್ಪ್ರಸಿದ್ಧವಾದ ದೃಷ್ಟಾಂತವೊಂದಿದೆ. ೨೦೧೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆ್ಯಪಲ್ ಸಂಸ್ಥೆ ‘ಐಫೋನ್ ೬ ಪ್ಲಸ್’ ಎಂಬ ಮೊಬೈಲನ್ನು ಹೊರತಂದಿತು. ಅದರ ಉದ್ದ ೧೫೮ ಮಿಲಿಮೀಟರು, ದಪ್ಪ ೭.೧. ಅದಕ್ಕೆ ಹಿಂದಿನ ವರ್ಷದ ‘೫ಎಸ್’ ಎಂಬುದು ೧೨೪ ಮಿಲಿಮೀಟರು ಉದ್ದ, ೭.೬ ದಪ್ಪವಿತ್ತು. ಎಂದರೆ ಉದ್ದ ಬಹಳ ಬೆಳೆಯಿತು, ದಪ್ಪ ಕುಗ್ಗಿತು. ಕೆಲವೇ ದಿನಗಳಲ್ಲಿ ಪ್ಯಾಂಟಿನ ಜೇಬಿನಲ್ಲಿಟ್ಟದ್ದು ಬಾಗಿತೆಂಬ ಕೂಗು ಎದ್ದಿತು. ಮೊದಲ ಆರು ದಿನಗಳಲ್ಲಿ ದೂರು ತಂದ ಗ್ರಾಹಕರು ಒಂಬತ್ತೇ ಮಂದಿ ಎಂದು ಸಂಸ್ಥೆ ಸಮಾಧಾನ ಹೇಳಿತು. ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕರ ಪತ್ರಿಕೆ ಯಂತ್ರದಿಂದ ಒತ್ತಿ ಪರೀಕ್ಷಿಸಿದಾಗ ಅದು ಸುಮಾರು ೪೧ ಕಿಲೋಗ್ರಾಂ ಭಾರಕ್ಕೆ ರೂಪಗೆಟ್ಟಿತು. ಅಷ್ಟೇ ದೊಡ್ಡದಾದ, ಆದರೆ ೮.೩ ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಬೆನ್ನಿನ ‘ಗ್ಯಾಲಕ್ಸಿ ನೋಟ್ ೩’ ಸುಮಾರು ೬೮ ಕಿಲೋಗ್ರಾಂ ತಾಳಿತು. ಪ್ಲಾಸ್ಟಿಕ್ಕೆಂದರೆ ಮೂಗು ಮುರಿಯುವವರು ಗಮನಿಸತಕ್ಕ ಮಾತಿದು. ಮುಂದೆ ೨೦೧೮ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯದಿಂದ ಇನ್ನೊಂದು ಸಂಗತಿ ಹೊರಬಿದ್ದಿತು: ಮಾರಾಟಕ್ಕೆ ಬಿಡುವ ಮೊದಲು ನಡೆಸಿದ ಸಂಸ್ಥೆಯ ಸ್ವಂತ ಪರೀಕ್ಷೆಯಲ್ಲಿಯೇ ೬ ಪ್ಲಸ್ ಬಾಗುವ ಸಂಭವ ೫ಎಸ್‌ಗಿಂತ ೭.೨ ಪಾಲು ಹೆಚ್ಚೆಂದು ಕಂಡುಬಂದಿತ್ತು.

ಇದರ ಮರ್ಮವೇನು? ಹಲಗೆಯಂಥ ವಸ್ತು ಬಾಗದೆ ನಿಲ್ಲುವ ಬಿಗುವು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಅರ್ಧವಾದರೆ ಬಿಗುವು ಅರ್ಧವಾಗುವುದಿಲ್ಲ. ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲೋಹವೂ ಆಕಾರವೂ ಒಂದೇ ಆಗಿದ್ದು ಎಂಟು ಮಿಲಿಮೀಟರಿನ ದಪ್ಪ ಆರಕ್ಕೆ ಇಳಿದರೆ ಉಳಿಯುವ ಬಿಗುವು ಶೇಕಡಾ ೪೨ ಮಾತ್ರ. ಇದರ ಮೇಲೆ ಉದ್ದವೂ ಹೆಚ್ಚಿದರೆ, ಬಂಡೆ ಎಬ್ಬಿಸುವ ಸನ್ನೆಗೋಲಿನಂತೆ ತುದಿಗೆ ಬಿದ್ದ ಸಣ್ಣ ಬಲವೂ ನಡುವಿಗೆ ದೊಡ್ಡದಾಗಿ ತಾಕುತ್ತದೆ. ಔರಾದಿನಿಂದ ಬೀದರಿಗೆ ಮೋಟಾರು ಸೈಕಲ್ಲಿನ ಮೇಲೆ ಬರುವ ತರುಣನ ಹಿಂದಿನ ಜೇಬಿನಲ್ಲಿ ಮೊಬೈಲಿದೆಯೆನ್ನಿ. ಅವನ ಮೈಭಾರ ಅದರ ನಡುವಿಗೆ ಬೀಳುತ್ತದೆ. ರಸ್ತೆಯ ಪ್ರತಿಯೊಂದು ತಗ್ಗಿಗೂ ಆ ಭಾರ ಹೊಸದಾಗಿ ಬೀಳುತ್ತದೆ. ಯಂತ್ರದ ಪರೀಕ್ಷೆ ಒಂದು ಸಲದ್ದು, ಇದು ದಿನಕ್ಕೆ ನೂರಾರು ಸಲದ್ದು.

ಬಾಗಿದ್ದು ಕಣ್ಣಿಗೆ ಕಂಡರೆ ಒಳ್ಳೆಯದೇ. ಕಾಣದೆ ಬಾಗಿ ಮತ್ತೆ ನೆಟ್ಟಗಾಗುವುದು ಹೆಚ್ಚು ಅಪಾಯಕರ. ಮೊಬೈಲೆಂಬುದು ಒಂದೇ ವಸ್ತುವಲ್ಲ. ಗಾಜು, ಪರದೆ, ಬ್ಯಾಟರಿ, ಲೋಹದ ಚೌಕಟ್ಟು, ಬೆಸುಗೆ ಹಾಕಿದ ಹಾಳೆ ಇವುಗಳ ಅಡಕ. ಖಡಕ್ ರೊಟ್ಟಿಯನ್ನೂ ಬಿಸಿ ರೊಟ್ಟಿಯನ್ನೂ ಒಟ್ಟಿಗೆ ಅಂಟಿಸಿ ಮಡಿಸಿದರೆ ಬಿಸಿಯದು ಮಡಿಯುತ್ತದೆ, ಖಡಕ್ಕಾದುದು ಮುರಿಯುತ್ತದೆ. ೬ ಪ್ಲಸ್‌ನಲ್ಲಿ ಆದದ್ದು ಇದೇ. ಬೆರಳಿನ ಸ್ಪರ್ಶವನ್ನು ಗ್ರಹಿಸುವ ಸಣ್ಣ ಬಿಲ್ಲೆಯ ಕೆಳಗೆ ಸಾಸಿವೆಗಿಂತ ಚಿಕ್ಕ ಬೆಸುಗೆಯ ಗುಂಡುಗಳಿದ್ದವು. ಹಾಳೆ ಬಾಗಿ ಬಾಗಿ ಅವು ಸೀಳಿದವು. ಪರದೆಯ ಮೇಲ್ತುದಿಯಲ್ಲಿ ಬೂದುಬಣ್ಣದ ಪಟ್ಟಿಯೊಂದು ಮಿನುಗತೊಡಗಿ, ಕಡೆಗೆ ಎಲ್ಲಿ ಮುಟ್ಟಿದರೂ ಉತ್ತರವಿಲ್ಲದಂತಾಯಿತು. ಗಟ್ಟಿ ನೆಲಕ್ಕೆ ಮತ್ತೆ ಮತ್ತೆ ಬಿದ್ದು ಆನಂತರ ಒತ್ತಡಕ್ಕೆ ಸಿಕ್ಕಿದ್ದರಿಂದ ಹೀಗಾಯಿತೆಂದು ಹೇಳಿ, ಸಂಸ್ಥೆ ೨೦೧೬ರ ನವೆಂಬರಿನಲ್ಲಿ ಶುಲ್ಕ ಪಡೆದು ದುರಸ್ತಿ ಮಾಡಿಕೊಡುವ ಏರ್ಪಾಡನ್ನು ಪ್ರಕಟಿಸಿತು. ಎರಡು ವರ್ಷಗಳ ಹಿಂದಿನ ಬಾಗು ಅಷ್ಟು ತಡವಾಗಿ ಫಲ ಕೊಟ್ಟಿತೆಂಬುದು ಇಲ್ಲಿಯ ಸ್ವಾರಸ್ಯ.

ಪರಿಹಾರ ಮಾತ್ರ ಬೀದರಿನವರಿಗೆ ಪರಿಚಿತವಾದ ಲೋಹದಿಂದ ಬಂದಿತು. ೨೦೧೫ರ ‘೬ಎಸ್’ ಮಾದರಿಗಳಿಗೆ ೭೦೦೦ನೆಯ ಶ್ರೇಣಿಯ ಅಲ್ಯೂಮಿನಿಯಮನ್ನು ಬಳಸಿದರು. ಆ ಶ್ರೇಣಿಯಲ್ಲಿ ಅಲ್ಯೂಮಿನಿಯಮಿಗೆ ಬೆರೆಸುವ ಮುಖ್ಯ ಲೋಹವೇ ಸತು. ಪ್ಲಸ್ ಮಾದರಿಯ ದಪ್ಪವನ್ನೂ ೭.೩ಕ್ಕೆ ಏರಿಸಿದರು. ನಮ್ಮ ಬಿದರಿ ಪಾತ್ರೆಯ ಎರಕ ಬಹುಪಾಲು ಸತು, ಸ್ವಲ್ಪ ತಾಮ್ರ. ಸತು ಪ್ರಧಾನವಾದಾಗ ಎರಕ ಪೆಡಸು. ಆದುದರಿಂದಲೇ ಬಿದರಿಯ ಹೂಜಿ, ಹುಕ್ಕಾ ಬುಡಗಳನ್ನು ತಗಡಿನಂತೆ ಬಡಿದು ಮಾಡದೆ, ಮರಳಿನ ಅಚ್ಚಿನಲ್ಲಿ ದಪ್ಪವಾಗಿ ಎರಕ ಹೊಯ್ಯುತ್ತಾರೆ. ಅದೇ ಸತು ಅಲ್ಯೂಮಿನಿಯಮಿನಲ್ಲಿ ಅಲ್ಪ ಪ್ರಮಾಣದಲ್ಲಿ ಸೇರಿದಾಗ ಗಟ್ಟಿತನವನ್ನು ತರುತ್ತದೆ. ಬೀದರ್ ಪಟ್ಟಣ ನಿಂತಿರುವ ಕೆಂಪು ಜಂಬಿಟ್ಟಿಗೆ ಕಲ್ಲೂ ಕಬ್ಬಿಣ, ಅಲ್ಯೂಮಿನಿಯಮುಗಳು ಕೂಡಿದ್ದೇ ಎಂಬುದನ್ನು ಇಲ್ಲಿ ನೆನೆಯಬಹುದು. ೬ಎಸ್ ಮೊಬೈಲನ್ನು ೨೦೧೮ರಲ್ಲಿ ಬೆಂಗಳೂರಿನಲ್ಲಿಯೂ ಜೋಡಿಸಿದರು.

ಬಿದರಿಯ ಮಾತು ಬಂದದ್ದರಿಂದ ಜೋಡಣೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಕುಶಲಕರ್ಮಿ ಎರಕದ ಮೈಯಲ್ಲಿ ಉಳಿಯಿಂದ ಗೀರು ಕೊರೆದು ಅದರೊಳಗೆ ಮೆತ್ತನೆಯ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾನೆ. ಬೆಳ್ಳಿಯನ್ನು ಹಿಡಿದಿಡುವುದು ಗೀರಿನ ಅಂಚೇ ಹೊರತು ಅಂಟಲ್ಲ. ಕಡೆಗೆ ಕೋಟೆಯ ಮಣ್ಣು, ನವಸಾಗರಗಳ ಲೇಪದಿಂದ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೊಬೈಲು ತೆಳುವಾಗಬೇಕಾದರೆ ತಿರುಪು ಮೊಳೆಗಳಿಗೆ ಎಡೆ ಸಾಲದು. ಗಾಜನ್ನೂ ಬ್ಯಾಟರಿಯನ್ನೂ ಅಂಟಿನಿಂದಲೇ ಕೂಡಿಸುತ್ತಾರೆ. ಅಂಟು ಕಾವಿಗೆ ಸಡಿಲುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ನಾಲ್ವತ್ತು ಡಿಗ್ರಿಯ ಬಿಸಿಲಿನಲ್ಲಿ ಮೋಟಾರು ಸೈಕಲ್ಲಿನ ಹಿಡಿಕೆಗೆ ಕಟ್ಟಿದ ಮೊಬೈಲಿನ ಗತಿ ಏನಾದೀತು? ಐಫೋನಿನ ತಯಾರಕರೇ ೩೫ ಡಿಗ್ರಿಯೊಳಗಿನ ಹವೆಯಲ್ಲಿ ಬಳಸಬೇಕೆನ್ನುತ್ತಾರೆ. ಕಾವಿನಿಂದ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ; ಹಳೆಯ ಬ್ಯಾಟರಿ ಉಬ್ಬಿ ಒಳಗಿನಿಂದಲೇ ಪರದೆಯನ್ನು ಎಬ್ಬಿಸುವುದೂ ಉಂಟು. ೨೦೧೬ರಲ್ಲಿ ‘ಗ್ಯಾಲಕ್ಸಿ ನೋಟ್ ೭’ ಎಂಬ ದೊಡ್ಡ ಮೊಬೈಲುಗಳು ಹೊತ್ತಿಕೊಂಡು, ಸುಮಾರು ೨೫ ಲಕ್ಷವನ್ನು ಹಿಂದಕ್ಕೆ ಕರೆಸಬೇಕಾಯಿತಷ್ಟೆ. ಬ್ಯಾಟರಿಯೊಂದರ ಮೂಲೆಯಲ್ಲಿ ಒಳಪದರಗಳಿಗೆ ಸಾಕಷ್ಟು ಎಡೆಯಿಲ್ಲದೆ ಅವು ಬಾಗಿದ್ದುದೂ ಅದಕ್ಕೆ ಒಂದು ಕಾರಣವೆಂದು ಮರುವರ್ಷ ತಿಳಿಯಿತು.

ಇಲ್ಲಿ ನನ್ನ ಕಸುಬಿನಿಂದ ಒಂದು ಮಾತು. ಓಲೆಗರಿಯಷ್ಟು ಉದ್ದವೂ ತೆಳುವೂ ಆದ ವಸ್ತುವನ್ನು ಮನುಷ್ಯ ಬೇರೆ ಯಾವುದನ್ನು ಅಷ್ಟು ನಂಬಿ ಬಳಸಿದ್ದಾನೆ? ಶತಮಾನಗಳು ಕಳೆದರೂ ಓದಲು ಬರುವ ಕಟ್ಟುಗಳಿವೆ. ಅವು ಉಳಿದದ್ದು ತೆಳುವಾಗಿದ್ದರಿಂದಲ್ಲ, ತೆಳುವನ್ನು ಅರಿತು ನಡೆದುಕೊಂಡದ್ದರಿಂದ. ಗರಿಗಳು ಒಂದಕ್ಕೊಂದು ಅಂಟಿಲ್ಲ. ಬಾಗಿದರೆ ಒಂದರ ಮೇಲೊಂದು ಸರಿಯುತ್ತವೆ. ಮೇಲೆ ಕೆಳಗೆ ಮರದ ಹಲಗೆಯಿಟ್ಟು, ರಂಧ್ರದಲ್ಲಿ ದಾರ ಪೋಣಿಸಿ, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಒಣಗಿ ಪೆಡಸಾಗದಂತೆ ಎಣ್ಣೆ ಸವರುತ್ತಿದ್ದರು. ಮೊಬೈಲಿನ ರಬ್ಬರು ಹೊದಿಕೆ ಈ ಹಲಗೆಯ ಮರಿಮಗ. ಏಳು ಮಿಲಿಮೀಟರಿನದನ್ನು ಕೊಂಡು ಮೂರು ಮಿಲಿಮೀಟರಿನ ಹೊದಿಕೆ ತೊಡಿಸುವುದಾದರೆ ತೆಳುವಿಗಾಗಿ ಹೆಚ್ಚು ಹಣ ಕೊಟ್ಟದ್ದೇಕೆಂದು ಒಬ್ಬ ಜಾಣ ವಿದ್ಯಾರ್ಥಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಗಾಜಿನ ಬಲವೂ ವಿಚಾರಾರ್ಹವೇ. ಮೊಬೈಲಿನ ಗಾಜನ್ನು ಸುಮಾರು ೪೦೦ ಡಿಗ್ರಿ ಕಾವಿನಲ್ಲಿ ಕರಗಿಸಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಅದ್ದುತ್ತಾರೆ. ಅದು ಮದ್ದಿನ ಪುಡಿಗೆ ಬೇಕಾಗುವ ಪೆಟ್ಲುಪ್ಪೇ. ಬೀದರ್ ಕೋಟೆಯ ತೋಪುಗಳು ಬಲ್ಲ ಉಪ್ಪು. ಗಾಜಿನ ಮೇಲ್ಪದರದಲ್ಲಿರುವ ಸೋಡಿಯಮಿನ ಸಣ್ಣ ಕಣಗಳು ಹೊರಟುಹೋಗಿ ಪೊಟ್ಯಾಸಿಯಮಿನ ದೊಡ್ಡ ಕಣಗಳು ಆ ಸ್ಥಾನದಲ್ಲಿ ಒತ್ತಿಕೊಂಡು ಕೂಡುತ್ತವೆ. ತುಂಬಿದ ಜಾತ್ರೆಯ ಜನರಂತೆ ಅವು ಒಂದನ್ನೊಂದು ಒತ್ತುತ್ತಿರುವವರೆಗೆ ಬಿರುಕಿಗೆ ಬಾಯಿ ತೆರೆಯಲು ಎಡೆಯಿಲ್ಲ. ಆದರೆ ಆ ಪದರ ಬಹು ತೆಳು. ಮರಳಿನ ಕಣ ಗಾಜಿಗಿಂತ ಕಠಿನ. ಜೇಬಿನ ಧೂಳಿನಲ್ಲಿ ದಿನವೂ ತಿಕ್ಕಿ ಬಿದ್ದ ಗೀರು ಆ ಪದರವನ್ನು ದಾಟಿತೆಂದರೆ, ಶಹಾಬಾದ್ ಕಲ್ಲಿನ ನೆಲಕ್ಕೆ ಮೂಲೆ ತಾಗಿ ಒಮ್ಮೆ ಬಿದ್ದರೆ ಸಾಕು. ಸಗಣಿ ಸಾರಿಸಿದ ನೆಲ ಅಷ್ಟು ನಿರ್ದಯಿಯಲ್ಲ.

ನೀರು ಧೂಳುಗಳಿಗೆ ಸಂಬಂಧಿಸಿದಂತೆ ಪೆಟ್ಟಿಗೆಯ ಮೇಲೆ ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಧೂಳಿನ ಅಂಕೆ ೬ ಇದ್ದರೆ ಧೂಳು ಒಳಹೊಗದು. ೪ ಇದ್ದರೆ ಒಂದು ಮಿಲಿಮೀಟರಿಗಿಂತ ದಪ್ಪನಾದದ್ದಕ್ಕೆ ಮಾತ್ರ ತಡೆ. ೨೦೨೫ರ ‘ಗ್ಯಾಲಕ್ಸಿ ಜೆಡ್ ಫೋಲ್ಡ್ ೭’ ಎಂಬ ಮಡಿಸುವ ಮೊಬೈಲು ಬಿಚ್ಚಿದಾಗ ೪.೨ ಮಿಲಿಮೀಟರು, ಅದರ ಗುರುತು ಐಪಿ ೪೮. ರಾಶಿ ಮಾಡುವ ಕಾಲದಲ್ಲಿ ಭಾಲ್ಕಿಯ ಎರೆಭೂಮಿಯ ಕಣದಲ್ಲಿ ಏಳುವ ಧೂಳು ಒಂದು ಮಿಲಿಮೀಟರಿಗಾಗಿ ಕಾಯುವುದಿಲ್ಲ.

ಹಾಗೆಂದು ತೆಳುವಾದವೆಲ್ಲ ದುರ್ಬಲವೆಂದು ಸಾಧಿಸುವುದು ನ್ಯಾಯವಲ್ಲ. ೨೦೨೫ರ ‘ಐಫೋನ್ ಏರ್’ ೫.೬ ಮಿಲಿಮೀಟರಿನದಾದರೂ ಅದರ ಚೌಕಟ್ಟು ಟೈಟಾನಿಯಮಿನದು. ಬಲವನ್ನು ದಪ್ಪದಿಂದ ಪಡೆಯದೆ ಲೋಹದಿಂದ ಪಡೆದರೆ ಬೆಲೆ ಲಕ್ಷ ದಾಟುತ್ತದೆ, ಅಷ್ಟೆ. ಬ್ಯಾಟರಿಗೆ ಎಡೆಯೂ ಕಡಿಮೆಯಾಗುತ್ತದೆ: ಅದೇ ವರ್ಷದ ೫.೮ ಮಿಲಿಮೀಟರಿನ ‘ಗ್ಯಾಲಕ್ಸಿ ಎಸ್ ೨೫ ಎಡ್ಜ್’ನಲ್ಲಿ ೩೯೦೦ ಮಿಲಿಆಂಪಿಯರ್ ಗಂಟೆಯ ಬ್ಯಾಟರಿ, ಅದರ ದಪ್ಪನೆಯ ಸೋದರ ‘ಎಸ್ ೨೫ ಪ್ಲಸ್’ನಲ್ಲಿ ೪೯೦೦. ಸಂಜೆಯ ವಿದ್ಯುತ್ತನ್ನು ನಂಬಲಾಗದ ಹಳ್ಳಿಯ ವಿದ್ಯಾರ್ಥಿಗೆ ಈ ಸಾವಿರದ ವ್ಯತ್ಯಾಸ ಒಂದು ಪಾಠದ ವ್ಯತ್ಯಾಸವಾದೀತು.

ಆದಕಾರಣ ಶಾಲೆಗೆ ಮೊಬೈಲುಗಳನ್ನಾಗಲಿ ಕೈಹಲಗೆಯಷ್ಟಿರುವ ಟ್ಯಾಬ್ಲೆಟ್ಟುಗಳನ್ನಾಗಲಿ ಕೊಡಿಸುವ ದಾನಿಗಳು ಎಂಟು ಮಿಲಿಮೀಟರಿಗೆ ಕಡಿಮೆಯಿಲ್ಲದ, ಪ್ಲಾಸ್ಟಿಕ್ ಬೆನ್ನಿನ, ಧೂಳಿಗೆ ತಡೆಯುಳ್ಳ, ಬೀದರಿನ ಅಂಗಡಿಯಲ್ಲಿಯೇ ಪರದೆಯನ್ನೂ ಬ್ಯಾಟರಿಯನ್ನೂ ಬದಲಿಸಲು ಬರುವ ಮಾದರಿಗಳನ್ನು ಆರಿಸುವುದು ಲೇಸು. ಮಕ್ಕಳ ಪುಸ್ತಕದ ಚೀಲದಲ್ಲಿ ಅದನ್ನು ಊಟದ ಡಬ್ಬಿಗೂ ಪುಸ್ತಕಗಳಿಗೂ ನಡುವೆ ತುರುಕದೆ, ಎರಡು ರಟ್ಟು ಹೊದಿಕೆಯ ಪುಸ್ತಕಗಳ ಮಧ್ಯದಲ್ಲಿ ಇಡುವಂತೆ ಗುರುಗಳು ಮೊದಲ ದಿನವೇ ತೋರಿಸಿಕೊಡಬೇಕು. ಖರ್ಚಿನ ಅಂದಾಜುಪಟ್ಟಿ ತಯಾರಿಸುವಾಗ ಹೊದಿಕೆಗೂ ಪರದೆಯ ಮೇಲಿನ ರಕ್ಷಾಪದರಕ್ಕೂ ಮೂರನೆಯ ವರ್ಷದ ಬ್ಯಾಟರಿಗೂ ಒಂದೊಂದು ಸಾಲನ್ನು ಮೊದಲೇ ಬರೆದಿಡತಕ್ಕದ್ದು.