ರಾಯಚೂರು ಪರಿಸರದ ಮೊಹರಂ: ಶೋಕ ಮತ್ತು ಹರಕೆ

ಮೊಹರಂ ಹಿಜರಿ ವರ್ಷದ ಮೊದಲ ತಿಂಗಳು. ಕ್ರಿ.ಶ. 680ರಲ್ಲಿ ಈ ತಿಂಗಳ ಹತ್ತನೆಯ ದಿನ, ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಯಜೀದನ ಪ್ರಭುತ್ವವನ್ನು ಒಪ್ಪದೆ ಕರ್ಬಲಾದಲ್ಲಿ ಹುತಾತ್ಮರಾದರು. ಮೂಲತಃ ಇದು ಶೋಕಾಚರಣೆ. ಆದರೆ ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಜನಪದರಿಗೆ ಇದು 'ಅಲಾಯಿ ಹಬ್ಬ', 'ಪೀರಲ ಹಬ್ಬ'. ಶೋಕವು ಹಬ್ಬವಾದ ಬಗೆ ವಿವೇಚನೆಗೆ ಅರ್ಹವಾಗಿದೆ.

ಕೃಷ್ಣಾ-ತುಂಗಭದ್ರೆಯರ ನಡುವಣ ಈ ಪ್ರದೇಶವು 1565ರ ರಕ್ಕಸತಂಗಡಗಿ ಯುದ್ಧದ ತರುವಾಯ ಬಿಜಾಪುರದ ಆದಿಲಶಾಹಿಗಳಿಗೂ ಮುಂದೆ ಹೈದರಾಬಾದಿನ ನಿಜಾಮರಿಗೂ ಸೇರಿತ್ತು. ಆದಿಲಶಾಹಿ ಅರಸರಲ್ಲಿ ಹಲವರು ಶಿಯಾ ಪಂಥದವರು. ಆದರೆ ಇಲ್ಲಿನ ಹಳ್ಳಿಗಳಲ್ಲಿ ಆಚರಣೆಯನ್ನು ಉಳಿಸಿಕೊಂಡು ಬಂದವರಲ್ಲಿ ಸುನ್ನಿ ಮುಸ್ಲಿಮರೂ ಹಿಂದೂ ಸಮುದಾಯಗಳವರೂ ಇದ್ದಾರೆ. ಆದ್ದರಿಂದ ರಾಜಾಶ್ರಯವೊಂದೇ ಇದರ ಬಾಳಿಕೆಯನ್ನು ವಿವರಿಸಲಾರದು.

ಇನ್ನೊಂದು ಕಾರಣ ಹರಕೆಯಲ್ಲಿದೆ. ಗುದ್ದಲಿ ಹಾಕಿ ಅಲಾಯಿ ಕುಣಿ ತೋಡಿದ ಮೇಲೆ ಪಂಜಾಗಳನ್ನು ಕೂರಿಸುತ್ತಾರೆ. ಪಂಜಾದ ಐದು ಬೆರಳುಗಳು ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನರ ಸಂಕೇತ. ಭಕ್ತರು ಊದು ಹಾಕುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊತ್ತು ಫಕೀರರಾಗುತ್ತಾರೆ. ಹೀಗೆ ಚರಿತ್ರೆಯ ಹುತಾತ್ಮನು ಊರಿನ ಕಷ್ಟ ಕೇಳುವ ದೇವರಾಗುತ್ತಾನೆ. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹೀಗಾಗಿ ಈ ಹಬ್ಬವು ಕಾರಹುಣ್ಣಿಮೆಯಂತೆ ಒಂದು ಋತುವಿಗೆ ಕಟ್ಟುಬೀಳದೆ, ಒಮ್ಮೆ ಬಿತ್ತನೆಯಲ್ಲಿ, ಒಮ್ಮೆ ಸುಗ್ಗಿಯಲ್ಲಿ ಬರುತ್ತದೆ.

ಹಾಗಾದರೆ ಶೋಕ ಎಲ್ಲಿ ಉಳಿದಿದೆ? ಅದು ರಿವಾಯತ ಪದಗಳಲ್ಲಿದೆ. ಅರಬ್ಬಿಯಲ್ಲಿ ರಿವಾಯತ್ ಎಂದರೆ ನಿರೂಪಣೆ. ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಹಾಡುವ ಈ ಪದಗಳು ಯೂಫ್ರೆಟಿಸ್ ನೀರು ದೊರೆಯದ ಮಕ್ಕಳ ಬಾಯಾರಿಕೆಯನ್ನೂ ಮದುವೆಯಾದೊಡನೆ ಮಡಿದ ಖಾಸೀಮನನ್ನೂ ನೆನೆಯುತ್ತವೆ. ಹಂಚುವ ಶರಬತ್ತು ಸಹ ಆ ಬಾಯಾರಿಕೆಯ ನೆನಪೇ. ಮಾನ್ವಿಯು ಜಗನ್ನಾಥದಾಸರ ಊರು. ಈ ಪರಿಸರದಲ್ಲಿ ದಾಸರ ಪದ, ತತ್ವಪದಗಳ ಜೊತೆಗೇ ರಿವಾಯತವೂ ಬಾಳಿದೆ. ಆದರೂ ಸಾಹಿತ್ಯ ಚರಿತ್ರೆಗಳಲ್ಲಿ ಮೊದಲೆರಡಕ್ಕೆ ದೊರೆತಷ್ಟು ಸ್ಥಾನ ಇದಕ್ಕೆ ದೊರೆತಿಲ್ಲ.

ಮೊಹರಂ ಅನ್ನು 'ಭಾವೈಕ್ಯದ ಹಬ್ಬ' ಎಂದು ಬಣ್ಣಿಸುವುದು ರೂಢಿಯಾಗಿದೆ. ಆ ಮಾತು ಸುಳ್ಳಲ್ಲ, ಅಪೂರ್ಣ. ಸೌಹಾರ್ದದ ಸಾಕ್ಷಿಯಾಗಿ ಮಾತ್ರ ಓದಿದರೆ ಅನ್ಯಾಯಕ್ಕೆ ತಲೆಬಾಗದವನ ಸಾವು ಮರೆಗೆ ಸರಿಯುತ್ತದೆ. ದೂರದ ಕರ್ಬಲಾದ ಅಳಲನ್ನು ಜನ ತಮ್ಮ ನುಡಿಯಲ್ಲಿ ಅತ್ತಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ರಿವಾಯತಗಳನ್ನು ಕನ್ನಡದ ಶೋಕಕಾವ್ಯವಾಗಿ ಓದುವುದರಿಂದ ಈ ಆಚರಣೆಯ ಪೂರ್ಣಾರ್ಥ ತೆರೆದುಕೊಳ್ಳುತ್ತದೆ.